ಮನೆಯಲ್ಲಷ್ಟೇ ಮೂರ್ಛೆ ಹೋಗುವ ಕಂಪ್ಯೂಟರ್

ಆ ಮನೆಯಲ್ಲಿ ಬಟ್ಟೆಯಿಲ್ಲದೆ ನಿಂತ ಸಾಮಾನು ಒಂದೂ ಇರಲಿಲ್ಲ. ಮಿಕ್ಸರಿಗೆ ಗೌನು, ಗ್ಯಾಸ್ ಸಿಲಿಂಡರಿಗೆ ನೆರಿಗೆಯ ಸ್ಕರ್ಟು, ಫ್ರಿಜ್ಜಿನ ಹಿಡಿಗೆ ತೋಳು, ಟಿವಿ ರಿಮೋಟಿಗೆ ಗುಂಡಿ ಹಾಕುವ ಜೇಬು. ಹೊಸದಾಗಿ ಬಂದ ಯಾವ ವಸ್ತುವೂ ಹೆಚ್ಚು ದಿನ ಬರಿಮೈಯಲ್ಲಿ ಇರುವಂತಿರಲಿಲ್ಲ. ಮೇಸ್ತ್ರಿಯ ತಾಯಿ ನಲವತ್ತು ವರ್ಷ ಟೈಲರ್ ಅಂಗಡಿ ನಡೆಸಿದವರು; ಅಂಗಡಿ ಮುಚ್ಚಿದ ಮೇಲೆ ಅಳತೆ ಕೊಡಲು ಮನುಷ್ಯರು ಸಿಗದೆ ಸಾಮಾನುಗಳ ಮೇಲೆ ಬಿದ್ದಿದ್ದರು. ತೂಕ ನೋಡುವ ಯಂತ್ರಕ್ಕೆ ಅವರು ಮೆತ್ತನೆಯ ಗವಸು ಹೊಲಿದಂದಿನಿಂದ ತನ್ನ ತೂಕ ಎರಡು ಕೆಜಿ ಇಳಿದಿದೆ ಎಂದು ಸೊಸೆ ಖುಷಿಯಾಗಿದ್ದಳು. ಅದರ ಕಾರಣವನ್ನು ಕೆದಕಲು ಅವಳಿಗೆ ಮನಸ್ಸಿರಲಿಲ್ಲ.

ಮೇಸ್ತ್ರಿ ಎಂದರೆ ಟೈಲ್ಸ್ ಮೇಸ್ತ್ರಿ. ಇಪ್ಪತ್ತೆರಡು ವರ್ಷದಿಂದ ಮಂಡಿಯೂರಿ ಊರವರ ನೆಲ ಹಾಸಿದವನು. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ಯಾರಾದರೂ ಹೇಳಿದರೆ, ‘ನಾನು ಹಾಸಿದ ನೆಲ ಆಗಿರಲಿಕ್ಕಿಲ್ಲ’ ಎಂದು ಗಂಭೀರವಾಗಿಯೇ ಹೇಳುವಷ್ಟು ಅಭಿಮಾನಿ. ಆದರೆ ಇಷ್ಟು ವರ್ಷ ಹಾಸಿದ್ದೆಲ್ಲ ಬೇರೆಯವರು ಬರೆದುಕೊಟ್ಟ ಚಿತ್ರದಂತೆ. ಇಲ್ಲಿ ಬಿಳಿ, ಅಲ್ಲಿ ಬೂದು, ಮೂಲೆಯಲ್ಲಿ ಒಂದು ಹೂ. ತನ್ನ ತಲೆಯೊಳಗಿನ ನೆಲವೊಂದನ್ನು ಅವನು ಇನ್ನೂ ಯಾರ ಕಾಲಡಿಗೂ ಹಾಸಿರಲಿಲ್ಲ.

ಈಗ ಅದಕ್ಕೊಂದು ಅವಕಾಶ ಬಂದಿತ್ತು. ಎರಡು ಬೀದಿ ಆಚೆಯ ಗ್ರಂಥಾಲಯದ ಓದುವ ಕೋಣೆಗೆ ಹೊಸ ನೆಲ ಹಾಕಿಸಬೇಕಾಗಿತ್ತು. ಯಾರು ಬೇಕಾದರೂ ತಮ್ಮ ಯೋಜನೆ ತರಬಹುದು, ಆದರೆ ಕಾಗದದ ಚಿತ್ರ ನೋಡಿ ತಮಗೆ ನೆಲ ಕಣ್ಣಿಗೆ ಕಟ್ಟುವುದಿಲ್ಲ, ಬಾಗಿಲಿನಿಂದ ಕಿಟಕಿಯ ತನಕ ನಡೆದು ಹೋದಂತೆ ಕಂಪ್ಯೂಟರಿನಲ್ಲಿ ತೋರಿಸಿ ಎಂದು ಸಮಿತಿಯವರು ಹೇಳಿದ್ದರು. ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಕಡೆಯ ಗಡುವು.

ಮೇಸ್ತ್ರಿ ಎಂಟು ತಿಂಗಳ ಹಿಂದೆಯೇ ಒಂದು ಹಳೆಯ ಕಂಪ್ಯೂಟರ್ ತಂದು, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಕೋಣೆಗಳನ್ನು ಕಟ್ಟಿ ಒಳಗೆ ನೆಲ ಹಾಸುವ ವಿದ್ಯೆಯನ್ನು ಕಲಿತಿದ್ದ. ಅದಕ್ಕಾಗಿ ಕಂಪ್ಯೂಟರಿನೊಳಗೆ ಒಂದು ಗ್ರಾಫಿಕ್ಸ್ ಕಾರ್ಡನ್ನೂ ಹಾಕಿಸಿದ್ದ. ಚಿತ್ರದ ಕೆಲಸವನ್ನೆಲ್ಲ ಅದೇ ಹೊರುತ್ತದೆ ಎಂಬಷ್ಟು ಅವನಿಗೆ ಗೊತ್ತಿತ್ತು. ಅವನ ಯೋಜನೆ ಇದು: ಇಷ್ಟು ವರ್ಷ ಕಂಡಕಂಡ ಮನೆಗಳಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು, ನೀಲಿ, ಹಸಿರು, ಮಣ್ಣಿನ ಬಣ್ಣದವು, ಸೇರಿಸಿ ಬಾಗಿಲಿನಿಂದ ಒಂದು ಹೊಳೆ ಹರಿಸುವುದು. ಅದು ಮೇಜುಗಳ ಕೆಳಗೆ ನುಸುಳಿ, ಮಕ್ಕಳ ಪುಸ್ತಕದ ಮೂಲೆಯಲ್ಲಿ ಕೆರೆಯಾಗಿ ನಿಲ್ಲಬೇಕು. ಮನೆಯ ಹಿಂದೆ ಹದಿನಾಲ್ಕು ಡಬ್ಬಿಗಳಲ್ಲಿ ಚೂರುಗಳು ಕಾಯುತ್ತಿದ್ದವು.

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆದ್ರೂ ಹೇಳ್ತೀನಿ, ನಿಮ್ಮ ಹೆಗ್ಗಣ ನಿಜವಾಗ್ಲೂ ಚೆನ್ನಾಗಿದೆ ಕಣ್ರೀ” ಎಂದಿದ್ದಳು ಹೆಂಡತಿ. ಅವಳು ಬಸ್ ಕಂಡಕ್ಟರ್. ದಿನಕ್ಕೆ ಆರುನೂರು ಜನರ ಮಾತು ಕೇಳಿ ಆರುನೂರು ಜನರಿಗೆ ಉತ್ತರ ಕೊಡುವವಳು. ಅವಳ ಹೊಗಳಿಕೆಗೂ ಒಂದು ಚೂಪು ಇರುತ್ತಿತ್ತು.

ಆದರೆ ಮೇಸ್ತ್ರಿಗೆ ಚೂಪು ತಡೆಯುತ್ತಿರಲಿಲ್ಲ. ಒಮ್ಮೆ ಒಬ್ಬ ಮನೆಯೊಡತಿ ‘ಬಣ್ಣ ಒಂಚೂರು ಗಾಢ ಆಯ್ತೇನೋ’ ಎಂದದ್ದಕ್ಕೆ ಅವನು ಒಂದು ವರ್ಷ ಆ ಬೀದಿಯಲ್ಲಿ ಕಾಲಿಟ್ಟಿರಲಿಲ್ಲ. ತನ್ನ ಕೆಲಸಕ್ಕೆ ಹುಳುಕು ಹೇಳಿದರೆ ತನಗೆ ನೋಯುವಂತೆ ಲೋಕದಲ್ಲಿ ಎಲ್ಲರಿಗೂ ನೋಯುತ್ತದೆ ಎಂಬುದು ಅವನ ನಂಬಿಕೆ. ಈ ನಂಬಿಕೆಯಿಂದಲೇ ಆ ವಾರ ಅವನು ಒದ್ದಾಡಿದ್ದು.

ಸೋಮವಾರ ಬೆಳಿಗ್ಗೆ ಅವನು ಕೈ ತೊಳೆದು, ಕುರ್ಚಿ ಎಳೆದುಕೊಂಡು, ನಡಿಗೆಯ ಚಿತ್ರ ತಯಾರಿಸುವ ಗುಂಡಿ ಒತ್ತಿದ. ಮೂರು ಗಂಟೆ ಬೇಕು ಎಂದು ಪರದೆಯ ಮೇಲೆ ಬಂತು. ಇಪ್ಪತ್ತನೇ ನಿಮಿಷಕ್ಕೆ ಒಳಗಿನ ಫ್ಯಾನು ಊಳಿಡತೊಡಗಿತು. ಪರದೆಯ ತುಂಬ ಹಸಿರು, ನೇರಳೆ ಪಟ್ಟೆಗಳು ಎದ್ದವು. ಆಮೇಲೆ ಎಲ್ಲ ಕಪ್ಪು. ಕಂಪ್ಯೂಟರ್ ತಾನೇ ಆರಿ, ತಾನೇ ಹೊತ್ತಿಕೊಂಡು, ತನಗೇನೂ ಗೊತ್ತೇ ಇಲ್ಲವೆಂಬಂತೆ ಮೊದಲ ಪುಟ ತೋರಿಸಿತು.

“ಆ ಪಟ್ಟೆ ಲಕ್ಷಣವಾಗಿತ್ತು ಕಣೋ” ಎಂದರು ಹಿಂದೆ ನಿಂತಿದ್ದ ಅಮ್ಮ. “ಅಂಥ ಬಟ್ಟೆ ಎಲ್ಲಾದ್ರೂ ಸಿಕ್ಕರೆ ಕಿಟಕಿಗೆ ಹಾಕಬಹುದು.”

ಅವನು ಮತ್ತೆ ಗುಂಡಿ ಒತ್ತಿದ. ಈ ಸಲ ಹದಿನೆಂಟು ನಿಮಿಷಕ್ಕೇ ಕೈಕೊಟ್ಟಿತು. ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು, ಅರ್ಧ ಹೊಳೆಯನ್ನು ಯಾವ ಸಮಿತಿಗೂ ತೋರಿಸುವಂತಿಲ್ಲ.

“ಟಿಕೆಟ್ ತಗೊಂಡು, ಸ್ಟಾಪ್ ಬರೋಕೆ ಮುಂಚೆ ಇಳಿದುಬಿಡೋ ಪ್ಯಾಸೆಂಜರ್ ಥರ ಆಯ್ತಲ್ರೀ ಇದು” ಎಂದಳು ಡ್ಯೂಟಿಗೆ ಹೊರಟ ಹೆಂಡತಿ. “ಅಂಗಡಿಗೆ ತಗೊಂಡು ಹೋಗಿ ತೋರಿಸಿ.”

ಟೈಲ್ಸ್ ಹಾಸಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಮೇಸ್ತ್ರಿಯ ಕಸುಬಿನ ಮೊದಲ ಪಾಠ. ‘ಧಬ್’ ಎಂದರೆ ಅಡಿಯಲ್ಲಿ ಗಾರೆ ತುಂಬಿ ಕೂತಿದೆ, ಎಲ್ಲೂ ಗಾಳಿಯಿಲ್ಲ, ಗಟ್ಟಿ. ‘ಟಣ್’ ಎಂದರೆ ಟೊಳ್ಳು, ಕಿತ್ತು ಮತ್ತೆ ಹಾಸಬೇಕು. ಅವನು ಕಂಪ್ಯೂಟರಿನ ಪೆಟ್ಟಿಗೆಯನ್ನೂ ನಾಲ್ಕು ಕಡೆ ತಟ್ಟಿದ. ಧಬ್, ಧಬ್, ಧಬ್, ಧಬ್. ಪೆಟ್ಟಿಗೆಯೇನೋ ಗಟ್ಟಿಯಿದೆ ಎಂದು ಅವನಿಗೆ ಸಮಾಧಾನವಾಯಿತು.

ಪೆಟ್ಟಿಗೆಗೂ ಅಂಗಿ ಇತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಅದು ಸಾಮಾನ್ಯ ಅಂಗಿಯಲ್ಲ. ಹೊರಗೆ ನೀಲಿ ದಪ್ಪ ಬಟ್ಟೆ, ಒಳಗೆ ಹತ್ತಿಯ ಪದರ, ಅದರೊಳಗೆ ಮತ್ತೆ ಅಸ್ತರು. ಸ್ವಿಚ್ಚಿಗೆ ಒಂದು ಕಾಜ, ಹಿಂದಿನ ತಂತಿಗಳಿಗೆ ಒಂದೊಂದು ತೂತು, ತೂತಿಗೆಲ್ಲ ದಾರದ ಅಂಚು. ಮೈಗೆ ಎಷ್ಟು ಸರಿಯಾಗಿ ಕೂತಿತ್ತೆಂದರೆ ಒಂದು ಬೆರಳು ತೂರಿಸಲೂ ಜಾಗವಿರಲಿಲ್ಲ. ಅಮ್ಮನ ಕೈಗೆ ಎರಡು ವರ್ಷದಿಂದ ನಡುಕ ಶುರುವಾಗಿತ್ತು. ಎರಡು ತಿಂಗಳ ಹಿಂದೆ, ಹನ್ನೊಂದು ದಿನ ಕೂತು, ಮೂರು ಸಲ ಬಿಚ್ಚಿ ಮೂರು ಸಲ ಹೊಲಿದು ಇದನ್ನು ಮುಗಿಸಿ, ಹೊಲಿಗೆ ಯಂತ್ರಕ್ಕೆ ಅದರ ಸ್ವಂತ ಗವಸು ತೊಡಿಸಿಬಿಟ್ಟಿದ್ದರು. “ಇನ್ನು ಸಾಕು. ಇದಕ್ಕಿಂತ ಚೆನ್ನಾಗಿ ಇನ್ನು ಹೊಲಿಯೋಕಾಗಲ್ಲ” ಎಂದಿದ್ದರು. ಹೀಗಾಗಿ ಆ ಅಂಗಿ ಮನೆಯಲ್ಲಿ ಒಂದು ಸರ್ಟಿಫಿಕೇಟಿನಂತೆ ನಿಂತಿತ್ತು.

ಅಂಗಡಿಗೆ ಒಯ್ಯುವ ಮೊದಲು ಅಮ್ಮ ಗುಂಡಿಗಳನ್ನು ಬಿಚ್ಚಿ ಅಂಗಿಯನ್ನು ತೆಗೆದುಕೊಂಡರು. ಬೇರೆ ಮನೆಗಳಲ್ಲಿ ಹೊರಗೆ ಹೋಗುವಾಗ ಒಳ್ಳೆಯ ಬಟ್ಟೆ ಹಾಕಿಕೊಳ್ಳುತ್ತಾರೆ. ಈ ಮನೆಯ ಸಾಮಾನುಗಳು ಬಿಚ್ಚಿಟ್ಟು ಹೋಗುತ್ತಿದ್ದವು. “ಆ ಅಂಗಡಿ ಧೂಳು ಈ ಬಟ್ಟೆಗೆ ಹತ್ತಿದರೆ ಬಿಡಲ್ಲ. ನೀನು ಬರೋಷ್ಟರಲ್ಲಿ ಒಗೆದು ಇಸ್ತ್ರಿ ಮಾಡಿಡ್ತೀನಿ” ಎಂದರು ಅಮ್ಮ. ಇದು ಮನೆಯ ಪದ್ಧತಿ. ಯಾರೂ ಅದನ್ನು ಗಮನಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ರಿಪೇರಿ ಅಂಗಡಿಯವನು ತಗಡಿನ ಮಾಡಿನ ಕೆಳಗೆ, ಮೂವತ್ತು ಸತ್ತ ಕಂಪ್ಯೂಟರುಗಳ ನಡುವೆ ಕೂತಿರುತ್ತಿದ್ದ. ಯಾರ ಮನೆಗೂ ಹೋಗುವವನಲ್ಲ. “ಮನೆಗೆ ಹೋದರೆ ಕಂಪ್ಯೂಟರ್ ತೋರಿಸಿ, ಆಮೇಲೆ ಟಿವಿ, ಆಮೇಲೆ ಇಸ್ತ್ರಿಪೆಟ್ಟಿಗೆ, ಕೊನೆಗೆ ಮಗಳ ಜಾತಕ ಒಂದು ಬಿಟ್ಟು ಎಲ್ಲ ತೋರಿಸ್ತಾರೆ ಮೇಸ್ತ್ರಿ” ಎನ್ನುತ್ತಿದ್ದ. ಅವನು ಗ್ರಾಫಿಕ್ಸ್ ಕಾರ್ಡನ್ನು ಹೊರತೆಗೆದು, ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಕೂರಿಸಿದ. ಸಾಫ್ಟ್‌ವೇರ್ ಹೊಸದು ಹಾಕಿದ. ಆಮೇಲೆ ಒಂದು ಭಾರೀ ಪರೀಕ್ಷೆ ಓಡಿಸಿದ: ಪರದೆಯ ಮೇಲೆ ಸಾವಿರ ಚೆಂಡುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಎರಡು ಗಂಟೆ ಕುಣಿದವು. ಒಂದು ಪಟ್ಟೆಯೂ ಬರಲಿಲ್ಲ.

ಕಾಯುತ್ತ ಕೂತ ಮೇಸ್ತ್ರಿ ಅಭ್ಯಾಸಬಲದಿಂದ ಪೆಟ್ಟಿಗೆಯನ್ನು ತಟ್ಟಿದ. ಟಣ್.

“ಒಳಗೆ ಟೊಳ್ಳಿದೆಯಲ್ಲಪ್ಪ” ಎಂದ ಅವನು, ಸ್ವಲ್ಪ ಗಾಬರಿಯಿಂದ.

“ಟೊಳ್ಳಿರಲೇಬೇಕು ಮೇಸ್ತ್ರಿ. ಗಾಳಿ ಓಡಾಡಬೇಕಲ್ಲ ಅದಕ್ಕೆ” ಎಂದು ಅಂಗಡಿಯವನು ನಕ್ಕ. ಮೇಸ್ತ್ರಿಯೂ ನಕ್ಕ. ಆ ಮಾತು ಒಂದು ಕಿವಿಯಿಂದ ಹೊಕ್ಕು, ಇನ್ನೊಂದು ಕಿವಿಯಿಂದ ಹೊರಡುವ ದಾರಿಯಲ್ಲಿ ಎಲ್ಲೋ ಕೂತುಕೊಂಡಿತು.

ಮಂಗಳವಾರ ಮಧ್ಯಾಹ್ನ ಕಂಪ್ಯೂಟರ್ ಮನೆಗೆ ಬಂತು. ಒಗೆದು ಇಸ್ತ್ರಿ ಮಾಡಿದ ಅಂಗಿ ಕಾಯುತ್ತಿತ್ತು. ಅಮ್ಮ ಮೊಮ್ಮಗುವಿಗೆ ತೊಡಿಸುವಂತೆ ತೊಡಿಸಿ, ಗುಂಡಿ ಹಾಕಿ, ತಟ್ಟಿ ಕೂರಿಸಿದರು. ಮೇಸ್ತ್ರಿ ಕೆಲಸ ಶುರು ಮಾಡಿದ. ಇಪ್ಪತ್ತೊಂದನೇ ನಿಮಿಷಕ್ಕೆ ಪಟ್ಟೆ, ಕಪ್ಪು, ಮೊದಲ ಪುಟ.

ಬುಧವಾರ ಮತ್ತೆ ಅಂಗಿ ಬಿಚ್ಚಿ, ಮತ್ತೆ ಅಂಗಡಿ. ಅಂಗಡಿಯವನು ಕರೆಂಟು ಕೊಡುವ ಡಬ್ಬಿ ಬದಲಿಸಿ ನೋಡಿದ, ಮೆಮೊರಿ ಬದಲಿಸಿ ನೋಡಿದ. ಯಾವುದನ್ನು ಬದಲಿಸಿದರೂ, ಬದಲಿಸದಿದ್ದರೂ, ಕಂಪ್ಯೂಟರ್ ಅವನೆದುರು ಹಾಲು ಕುಡಿದ ಮಗುವಿನಂತೆ ಕೆಲಸ ಮಾಡಿತು. “ನಿಮ್ಮ ಮನೆ ಕರೆಂಟಲ್ಲಿ ಏನಾದ್ರೂ ಇರಬಹುದು, ಇಲ್ಲದೆಯೂ ಇರಬಹುದು” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಕೊನೆಗೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಅಂಕಿ ಕಾಣುವಂತೆ ಮಾಡಿಕೊಟ್ಟ. “ಇದು ಕಾರ್ಡಿನ ಬಿಸಿ. ಇಲ್ಲಿ ನೋಡಿ, ಎಷ್ಟು ಓಡಿಸಿದರೂ ಎಪ್ಪತ್ತು ದಾಟಲ್ಲ. ಮನೆಯಲ್ಲಿ ಇದನ್ನು ನೋಡ್ತಾ ಇರಿ. ಸರಿಹೋಗದಿದ್ರೆ ನಾಳೆ ಇಲ್ಲೇ ಕೂತು ನಿಮ್ಮ ಚಿತ್ರ ಮುಗಿಸ್ಕೊಂಡು ಹೋಗಿ.”

ಮನೆಯಲ್ಲಿ ಅಂಕಿ ಎಪ್ಪತ್ತನ್ನು ಎಂಟೇ ನಿಮಿಷದಲ್ಲಿ ದಾಟಿತು. ಎಂಬತ್ತು, ಎಂಬತ್ತೈದು, ತೊಂಬತ್ತು. ಮೇಸ್ತ್ರಿ ಓಡಿ ಟೇಬಲ್ ಫ್ಯಾನು ತಂದು ಪೆಟ್ಟಿಗೆಗೆ ತಿರುಗಿಸಿದ. ಅಂಗಿಯ ಅಂಚು ಪಟಪಟ ಬಡಿದುಕೊಂಡಿತೇ ಹೊರತು ಅಂಕಿ ಜಪ್ಪಯ್ಯ ಅನ್ನಲಿಲ್ಲ. ತೊಂಬತ್ತೇಳಕ್ಕೆ ಪಟ್ಟೆ ಬಂತು.

“ತಗಡಿನ ಕೆಳಗೆ ಬೇಯೋ ಅಂಗಡಿಯಲ್ಲಿ ತಣ್ಣಗಿರತ್ತೆ, ನಮ್ಮ ತಂಪು ಕೋಣೆಯಲ್ಲಿ ಜ್ವರ ಬರತ್ತೆ” ಎಂದ ಹೆಂಡತಿಗೆ. “ನನ್ನ ಹಣೆಬರಹ ನೋಡು.”

“ಹಣೆಬರಹಕ್ಕೆ ಬೈಬೇಡಿ, ಅದಕ್ಕೆ ಟಿಕೆಟ್ ಕೊಟ್ಟವರು ಯಾರೂ ಇಲ್ಲ. ನಾಳೆ ಅವನಂಗಡಿಯಲ್ಲೇ ಮುಗಿಸ್ಕೊಂಡು ಬನ್ನಿ.”

ಗುರುವಾರ ಬೆಳಿಗ್ಗೆ ಮೇಸ್ತ್ರಿ ಮೊದಲು ಬರಿಗೈಯಲ್ಲಿ ಹೋಗಿ ನೋಡಿದ್ದು ಒಳ್ಳೆಯದೇ ಆಯಿತು. ಅಂಗಡಿಗೆ ಬೀಗ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ‘ಅಕ್ಕನ ಮನೆ ಸಾಮಾನು ಸಾಗಿಸಲು ಹೋಗಿದ್ದೇನೆ. ಶುಕ್ರವಾರ ಮಧ್ಯಾಹ್ನ ಸಿಗುತ್ತೇನೆ.’ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಸಮಿತಿಯವರು ಬೇರೆ ಯಾರದೋ ಬಿಳಿ ಬೂದು ನೆಲಕ್ಕೆ ಸಹಿ ಹಾಕಿರುತ್ತಾರೆ. ಮೇಸ್ತ್ರಿ ಗ್ರಂಥಾಲಯದ ಬೀದಿಯಲ್ಲೇ ಮನೆಗೆ ಬಂದ. ತೆರೆದ ಬಾಗಿಲಲ್ಲಿ ಒಡೆದ ಹಳೆಯ ನೆಲ ಕಾಣುತ್ತಿತ್ತು. ಒಂದು ಮಗು ಬಿರುಕುಗಳನ್ನು ದಾಟಿ ದಾಟಿ ಕುಪ್ಪಳಿಸುತ್ತಿತ್ತು. ಇಲ್ಲಿಂದಲೇ ಹೊಳೆ ಶುರುವಾಗಬೇಕಾಗಿತ್ತು ಎಂದುಕೊಂಡು ಅವನು ಮುಂದೆ ನಡೆದ.

ಮನೆಯಲ್ಲಿ ಅಮ್ಮ ಇರಲಿಲ್ಲ. ಪಕ್ಕದ ಮನೆಯವರ ಮಗಳಿಗೆ ಕಾಜ ಹೊಲಿಯುವುದನ್ನು ಬಾಯಿಮಾತಿನಲ್ಲಿ ಕಲಿಸಲು ಹೋಗಿದ್ದರು. ಮೇಸ್ತ್ರಿ ಕಂಪ್ಯೂಟರಿನ ಮುಂದೆ ನೆಲದ ಮೇಲೆಯೇ ಕೂತ. ಅಂಗಡಿಯಲ್ಲಿ ಇಲ್ಲದ್ದು ಮನೆಯಲ್ಲಿ ಏನಿದೆ? ಕರೆಂಟು ಬೇರೆ, ಮೇಜು ಬೇರೆ, ಗೋಡೆ ಬೇರೆ. ಮುಂದೇನೂ ಹೊಳೆಯದೆ ಗೆಣ್ಣಿನಿಂದ ಪೆಟ್ಟಿಗೆಯನ್ನು ತಟ್ಟಿದ.

ಧಬ್.

ಮತ್ತೆ ತಟ್ಟಿದ. ಧಬ್. ಅಂಗಡಿಯಲ್ಲಿ ಟಣ್ ಎಂದಿತ್ತಲ್ಲ? ‘ಟೊಳ್ಳಿರಲೇಬೇಕು, ಗಾಳಿ ಓಡಾಡಬೇಕಲ್ಲ’ ಎಂಬ ಮಾತು ಕೂತಿದ್ದ ಜಾಗದಿಂದ ಎದ್ದು ಬಂತು. ಇಪ್ಪತ್ತೆರಡು ವರ್ಷದಿಂದ ಗಾಳಿಯಿಲ್ಲದ ಸದ್ದು ಕೇಳಿ ಖುಷಿಪಟ್ಟ ಕಿವಿ ಅದು. ಆ ಸದ್ದು ನೆಲಕ್ಕೆ ಒಳ್ಳೆಯದು. ಈ ಪೆಟ್ಟಿಗೆಗೆ ಅದು ಉಸಿರು ಕಟ್ಟಿದ ಸದ್ದು. ಮೇಸ್ತ್ರಿ ನೀಲಿ ಬಟ್ಟೆಯ ಮೇಲೆ ಅಂಗೈ ಇಟ್ಟ. ನಿನ್ನೆಯ ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲವೇನೋ ಎಂದು ಅವನಿಗೆ ಅನಿಸಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅವನು ಗುಂಡಿಗಳನ್ನು ಬಿಚ್ಚಿ, ಅಂಗಿಯನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಕೆಲಸ ಶುರು ಮಾಡಿದ. ಇಪ್ಪತ್ತು ನಿಮಿಷ. ಮೂವತ್ತು. ನಲವತ್ತು. ಅಂಕಿ ಅರವತ್ತೊಂಬತ್ತಕ್ಕೆ ಬಂದು ಮಂಡಿಯೂರಿ ಕೂತುಬಿಟ್ಟಿತು. ಮೇಸ್ತ್ರಿಗೆ ಒಬ್ಬನೇ ಎದ್ದು ಕುಣಿಯಬೇಕು ಅನಿಸಿತು, ನೆಲವೂ ಡೊಂಕಿರಲಿಲ್ಲ. ಕುಣಿಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವನ ಕಣ್ಣು ಕುರ್ಚಿಯ ಮೇಲಿನ ಅಂಗಿಯ ಮೇಲೆ ಬಿತ್ತು.

ಇದನ್ನು ಅಮ್ಮನಿಗೆ ಹೇಳುವುದು ಹೇಗೆ? ನಡುಗುವ ಕೈಯಲ್ಲಿ ಹನ್ನೊಂದು ದಿನ ಹೊಲಿದ ಕೊನೆಯ ಹೊಲಿಗೆ. ನಿನ್ನ ಅತ್ಯುತ್ತಮ ಕೆಲಸವೇ ನನ್ನ ಕೆಲಸವನ್ನು ನಾಲ್ಕು ಸಲ ಕೊಂದಿತು ಎಂದು ಯಾವ ಬಾಯಲ್ಲಿ ಹೇಳುವುದು? ಬಿಸಿ ತುಪ್ಪವಾಯಿತು ಅವನಿಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇನ್ನೆರಡು ಗಂಟೆ ಅಮ್ಮ ಪಕ್ಕದ ಮನೆಯಲ್ಲೇ ಇದ್ದರೆ ಚಿತ್ರ ಮುಗಿಯುತ್ತದೆ, ಅಂಗಿ ಮತ್ತೆ ತೊಡಿಸಿಬಿಟ್ಟರಾಯಿತು, ಯಾರಿಗೂ ನೋವಿಲ್ಲ ಎಂದು ಲೆಕ್ಕ ಹಾಕಿದ.

ಅಮ್ಮ ಅರ್ಧ ಗಂಟೆಯೊಳಗೇ ಬಂದರು.

“ಇದ್ಯಾಕೋ ಬರಿಮೈಯಲ್ಲಿ ನಿಂತಿದೆ? ಮತ್ತೆ ಅಂಗಡಿಗಾ?”

“ಇಲ್ಲಮ್ಮ. ಅದು... ಒಂದು ಗುಂಡಿ ಸಡಿಲ ಆದ ಹಾಗಿತ್ತು.”

“ನಾನು ಹಾಕಿದ ಗುಂಡಿ ಸಡಿಲಾನಾ?” ಅಮ್ಮ ಅಂಗಿ ಎತ್ತಿಕೊಂಡು ಒಂದೊಂದೇ ಗುಂಡಿಯನ್ನು ಎಳೆದು ನೋಡಿದರು. “ಎತ್ತು ಕಟ್ಟಿದರೂ ಬರಲ್ಲ ಇದು. ನಿನ್ನ ಕಣ್ಣು ಸಡಿಲ.” ಹೀಗೆಂದು ಅಂಗಿಯನ್ನು ತೊಡಿಸಿ, ಕೈ ನಡುಗುತ್ತಿದ್ದರೂ ಏಳೂ ಗುಂಡಿ ಹಾಕಿ, ಮಗನ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸತೊಡಗಿದರು.

ಎಪ್ಪತ್ತೈದು. ಎಂಬತ್ತೆರಡು. ಮೇಸ್ತ್ರಿ ಬಾಯಿ ತೆರೆದ, ಮುಚ್ಚಿದ. ಎಂಬತ್ತೊಂಬತ್ತು. ಈಗ ಹೇಳಬೇಕು. ತೊಂಬತ್ಮೂರು. ಅಮ್ಮನ ಬೆರಳುಗಳು ಒಂದು ಕಡ್ಡಿಯನ್ನು ಹಿಡಿಯಲು ಮೂರು ಸಲ ಪ್ರಯತ್ನಿಸುತ್ತಿದ್ದವು. ಅದನ್ನು ನೋಡಿ ಅವನ ಬಾಯಿಗೆ ಬೀಗ ಬಿತ್ತು. ಪರದೆಯ ಮೇಲೆ ಪಟ್ಟೆಗಳು ಎದ್ದವು. ಅರ್ಧದ ಹತ್ತಿರ ಬಂದಿದ್ದ ಹೊಳೆ ಇಂಗಿಹೋಯಿತು.

“ಪಟ್ಟೆ ಬಂತು” ಎಂದರು ಅಮ್ಮ.

ಮೂರು ಗಂಟೆಗೆ ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ಗಂಡ ಅಡುಗೆಮನೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಪಿಸುದನಿಯಲ್ಲಿ ಎಲ್ಲ ಹೇಳಿದ. ಅವಳು ಮೊದಲು ನಗು ತಡೆದಳು, ಆಮೇಲೆ ಸಿಟ್ಟಾದಳು.

“ಅತ್ತೆ ಏನು ಗಾಜಿನ ಬಳೇನಾ, ಮುಟ್ಟಿದರೆ ಒಡೆಯೋಕೆ? ನಿಮಗೆ ನೋಯತ್ತೆ ಅಂತ ಅವರಿಗೂ ನೋಯತ್ತೆ ಅಂದ್ಕೊಂಡಿದೀರಿ.” ಅವಳು ಬಸ್ಸಿನ ಹಿಂದಿನ ಬಾಗಿಲಿಗೆ ಕೇಳಿಸುವ ದನಿಯಲ್ಲಿ ಕೂಗಿದಳು: “ಅತ್ತೇ, ನಿಮ್ಮ ಮಗ ನಿಮ್ಮ ಹತ್ತಿರ ಏನೋ ಹೇಳಬೇಕಂತೆ.”

ಹೇಳಲೇಬೇಕಾಯಿತು. ಮೇಸ್ತ್ರಿ ನೆಲ ನೋಡುತ್ತ ಹೇಳಿದ. ಅಂಗಿ ತುಂಬ ಚೆನ್ನಾಗಿದೆ ಎಂದು ಶುರುಮಾಡಿ, ಹತ್ತಿಯ ಪದರ ಹೊಗಳಿ, ಕಾಜ ಹೊಗಳಿ, ದಾರದ ಅಂಚು ಹೊಗಳಿ, ಕೊನೆಗೆ ಹೊಗಳಲು ಏನೂ ಉಳಿಯದೆ, “ಅದಕ್ಕೆ ಉಸಿರು ಕಟ್ಟತ್ತಮ್ಮ” ಎಂದ.

 ಅಮ್ಮ ಎದ್ದು ಹೋಗಿ ಏಳು ಗುಂಡಿಗಳನ್ನು ಬಿಚ್ಚಿದರು. ಕಂಪ್ಯೂಟರ್ ಚಾಲೂ ಮಾಡು ಎಂದು ಸನ್ನೆ ಮಾಡಿ, ಪೆಟ್ಟಿಗೆಯ ಹಿಂದೆ ಕೈ ಹಿಡಿದು ನಿಂತರು. ಬಿಸಿ ಗಾಳಿ ಅವರ ಅಂಗೈಗೆ ಬಡಿಯಿತು. 

“ಇದು ಬೆವರುತ್ತೆ ಅಂತ ಅಳತೆ ಕೊಡುವಾಗ ಯಾಕೆ ಹೇಳಲಿಲ್ಲ?” ಎಂದರು ಅಮ್ಮ.

“ನನಗೂ ಗೊತ್ತಿರಲಿಲ್ಲಮ್ಮ.”

“ಬೆಳಿಗ್ಗೆ ಗೊತ್ತಾಯ್ತಲ್ಲ. ಆಗ ಯಾಕೆ ಗುಂಡಿ ಸಡಿಲ ಅಂದೆ? ನನ್ನ ಗುಂಡಿ ಮೇಲೆ ಸುಳ್ಳು ಹೇಳಿದೆಯಲ್ಲೋ.” ಈಗ ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು, ಆದರೆ ಅವನು ಹೆದರಿದ್ದ ಕಾರಣಕ್ಕಲ್ಲ. “ನಲವತ್ತು ವರ್ಷ ಅಂಗಡಿ ನಡೆಸಿದೆ. ಕಂಕುಳಲ್ಲಿ ಬಿಗಿ, ಕತ್ತಲ್ಲಿ ಬಿಗಿ ಅಂತ ದಿನಕ್ಕೆ ಹತ್ತು ಜನ ವಾಪಸ್ ಬರ್ತಿದ್ರು. ಅವರ ಮೇಲೆಲ್ಲ ಮುನಿಸಿಕೊಂಡಿದ್ರೆ ನಿನ್ನನ್ನು ಸಾಕ್ತಿದ್ದವರು ಯಾರು? ಬಿಗಿ ಅಂದವರು ಒಳ್ಳೆ ಗಿರಾಕಿಗಳು ಕಣೋ. ಹಾಕಿಕೊಳ್ಳಬೇಕು ಅನ್ನೋ ಆಸೆ ಇರೋದಕ್ಕೇ ವಾಪಸ್ ತರ್ತಾರೆ. ಬೇಡದವರು ಚೆನ್ನಾಗಿದೆ ಅಂತ ಹೇಳಿ, ಮನೆಗೆ ಹೋಗಿ ಪೆಟ್ಟಿಗೆ ತಳದಲ್ಲಿ ಹಾಕ್ತಾರೆ.”

ಮೇಸ್ತ್ರಿ ತಲೆ ಎತ್ತಿ ತಾಯಿಯ ಮುಖ ನೋಡಿದ. ಅಲ್ಲಿ ನೋವು ಹುಡುಕಿದ, ಸಿಗಲಿಲ್ಲ. ಅಂಗಡಿ ತೆರೆದಿದ್ದ ಕಾಲದ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಗಿರಾಕಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಹೆಂಗಸು ಅಲ್ಲಿ ನಿಂತಿದ್ದಳು. ಎರಡು ತಿಂಗಳಿಂದ ಅವನು ಆ ಮುಖವನ್ನು ನೋಡಿರಲಿಲ್ಲ. ಅದು ಹೊಳೆಯುತ್ತಿತ್ತು.

“ಎಲ್ಲಿಂದ ಉಸಿರೆಳೆಯತ್ತೆ, ಎಲ್ಲಿಂದ ಬಿಡತ್ತೆ, ಮೊದಲು ಅದು ಗೊತ್ತಾಗಬೇಕು. ದಾರ ತಾ” ಎಂದರು ಸೊಸೆಗೆ.

ಒಂದು ಗೇಣು ದಾರವನ್ನು ಅಮ್ಮ ಪೆಟ್ಟಿಗೆಯ ಮುಂದೆ ಹಿಡಿದರು. ಅವರ ಕೈಯ ನಡುಕಕ್ಕೆ ದಾರ ಎಲ್ಲ ಕಡೆಗೂ ಕುಣಿಯಿತು. “ಇದು ನನ್ನ ಗಾಳಿ, ಅದರದ್ದಲ್ಲ” ಎಂದು ತಾವೇ ನಕ್ಕು, ದಾರವನ್ನು ಅಡಿಕೋಲಿನ ತುದಿಗೆ ಕಟ್ಟಿಸಿ ಸೊಸೆಯ ಕೈಗೆ ಕೊಟ್ಟರು. ಸೊಸೆ ಕೋಲು ಹಿಡಿದು ಪೆಟ್ಟಿಗೆಯ ಸುತ್ತ ನಡೆದಳು. ಮುಂದೆ ದಾರ ಒಳಗೆ ಬಾಗಿತು. ಎಡಪಕ್ಕದಲ್ಲೂ ಒಳಗೆ. ಹಿಂದೆ ಹೊರಕ್ಕೆ ಚಿಮ್ಮಿತು. ಬಲಪಕ್ಕದಲ್ಲಿ ಸುಮ್ಮನೆ ತೂಗಿತು.

“ಹತ್ತೋ ಬಾಗಿಲು ಮುಂದೆ, ಇಳಿಯೋ ಬಾಗಿಲು ಹಿಂದೆ. ನಮ್ಮ ಬಸ್ಸಿಗಿಂತ ಶಿಸ್ತು” ಎಂದಳು ಅವಳು.

ಮೇಸ್ತ್ರಿ ಟೈಲ್ಸಿಗೆ ಗುರುತು ಹಾಕುವ ಪೆನ್ಸಿಲಿನಿಂದ ಬಟ್ಟೆಯ ಮೇಲೆ ಗೆರೆ ಎಳೆದ, ಕೂದಲೆಳೆಯಷ್ಟೂ ಡೊಂಕಿಲ್ಲದಂತೆ. ಆಮೇಲೆ ಬಟ್ಟೆಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದ. ಅಮ್ಮ ತಮ್ಮ ದೊಡ್ಡ ಕತ್ತರಿ ತಂದರು. ಕತ್ತರಿ ಬಟ್ಟೆಗೆ ತಾಕುವ ಗಳಿಗೆಯಲ್ಲಿ ಅವನು ಕಣ್ಣು ಮುಚ್ಚಿಕೊಂಡ.

“ಕಣ್ಣು ಬಿಡೋ. ನೀನು ಅಲ್ಲಾಡಿದರೆ ನನ್ನ ಗೆರೆ ಹಾಳಾಗತ್ತೆ.”

ಗೆರೆ ಹೇಗೂ ಸ್ವಲ್ಪ ಹಾಳಾಯಿತು. ನಡುಕಕ್ಕೆ ಅಂಚು ಅಲೆಅಲೆಯಾಗಿ ಬಂತು. ಮುಂದಿನ ಭಾಗ ಹೋಯಿತು, ಎಡಪಕ್ಕ ಹೋಯಿತು, ಹಿಂಭಾಗವೂ ಹೋಯಿತು. ಸೊಸೆ ಹೊಲಿಗೆ ಯಂತ್ರದ ಗವಸು ತೆಗೆದು, ಅತ್ತೆ ಪಕ್ಕದಲ್ಲಿ ನಿಂತು ಬೈದಂತೆಲ್ಲ ತಿದ್ದಿಕೊಳ್ಳುತ್ತ, ಅಂಚು ಮಡಿಸಿ ಹೊಲಿದಳು. ತೊಡಿಸಿ ನೋಡಿದರೆ ಉಳಿದದ್ದು ತಲೆಯ ಮೇಲಿನ ಪಟ್ಟಿ ಮತ್ತು ಬಲಪಕ್ಕದ ಒಂದು ಸೆರಗು.

“ಇದು ಅಂಗಿ ಅಲ್ಲ ಅತ್ತೆ, ಟೊಪ್ಪಿ.”

“ಟೊಪ್ಪಿನೇ ಸೈ. ಹಾಕಿಕೊಂಡು ಉಸಿರಾಡಬೇಕು, ಅಷ್ಟೆ.”

ನಾಲ್ಕೂವರೆಗೆ ಗುಂಡಿ ಒತ್ತಿದರು. ಮೂವರೂ ಸಾಲಾಗಿ ಕೂತರು. ಅಂಕಿ ಎಪ್ಪತ್ತಕ್ಕೆ ಬಂದಾಗ ಮೂವರೂ ಪರದೆಯ ಕಡೆಗೆ ಬಾಗಿದರು. ಎಪ್ಪತ್ತೊಂದಕ್ಕೆ ಬಂದು ಅಲ್ಲೇ ನಿಂತಾಗ ಹೆಂಡತಿ ಚಹಾ ಮಾಡಲು ಎದ್ದಳು. ಇಪ್ಪತ್ತು ನಿಮಿಷ ದಾಟಿತು, ಒಂದು ಗಂಟೆ ದಾಟಿತು. ಅಮ್ಮ ಪರದೆ ನೋಡುತ್ತ ಕೇಳಿದರು, “ಇನ್ನು ಆ ಪಟ್ಟೆ ಬರಲ್ವಾ?”

“ಬರಲ್ಲಮ್ಮ.”

“ಚೆನ್ನಾಗಿತ್ತು.”

ಏಳೂವರೆಗೆ ಚಿತ್ರ ಮುಗಿಯಿತು. ಮೇಸ್ತ್ರಿ ಅದನ್ನು ಓಡಿಸಿದ. ಬಾಗಿಲು ತೆರೆಯಿತು, ನೀಲಿ ಚೂರುಗಳ ಹೊಳೆ ಕಾಲಡಿಯಿಂದ ಹೊರಟು, ಮೇಜುಗಳ ಕೆಳಗೆ ಹಸಿರಾಗಿ ನುಸುಳಿ, ಕಿಟಕಿಯ ಬೆಳಕು ದಾಟಿ, ಮಕ್ಕಳ ಮೂಲೆಯಲ್ಲಿ ಅಗಲವಾಗಿ ನಿಂತಿತು. ಒಂದೂವರೆ ನಿಮಿಷದ ನಡಿಗೆ ಅದು. ಮೂವರೂ ಹನ್ನೆರಡು ಸಲ ನಡೆದರು.

ಮಾರನೆಯ ದಿನ ಹನ್ನೊಂದು ಗಂಟೆಗೆ ಗ್ರಂಥಾಲಯದ ಕೋಣೆಯಲ್ಲಿ ಐದು ಜನ ಸಮಿತಿಯವರು ಅದೇ ನಡಿಗೆ ನಡೆದರು.  ಮುಖ್ಯ ಗ್ರಂಥಪಾಲಕಿ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೊಮ್ಮೆ ತೋರಿಸಿ ಎಂದರು. ಎರಡನೇ ಸಲ ನೋಡಿ ಹೇಳಿದರು, “ಬಾಗಿಲ ಹತ್ತಿರ ಹೊಳೆ ಸ್ವಲ್ಪ ಇಕ್ಕಟ್ಟಾಯ್ತು ಅನ್ಸುತ್ತೆ ಮೇಸ್ತ್ರಿ. ಗಾಲಿಕುರ್ಚಿಯಲ್ಲಿ ಬರೋರೂ ಇದ್ದಾರೆ. ಮಧ್ಯದಲ್ಲಿ ಅಷ್ಟೊಂದು ಸಣ್ಣ ಚೂರುಗಳಿದ್ದರೆ ಗಾಲಿ ಕುಲುಕತ್ತೆ.”

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಹಳೆಯ ಅಭ್ಯಾಸಕ್ಕೆ ಅವನ ಕಾಲುಗಳು ಬಾಗಿಲ ಕಡೆ ಹೊರಟೇಬಿಡುತ್ತಿದ್ದವು. ಎಂಟು ತಿಂಗಳ ಕೆಲಸಕ್ಕೆ ಐದು ಜನರ ಮುಂದೆ ಹುಳುಕು. ಆದರೆ ಅವನು ಗ್ರಂಥಪಾಲಕಿಯ ಮುಖ ನೋಡಿದ. ಅವರು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಗಾಲಿಕುರ್ಚಿ ಎಲ್ಲಿಂದ ಹೋಗುತ್ತದೆ ಎಂದು ಮನಸ್ಸಿನಲ್ಲೇ ತಳ್ಳಿಕೊಂಡು ಹೋಗುತ್ತಿದ್ದರು. ಅವರು ಆಗಲೇ ಆ ನೆಲದ ಮೇಲೆ ಓಡಾಡುತ್ತಿದ್ದರು.

ಮಧ್ಯಾಹ್ನ ಅವನು ಮನೆಗೆ ಬಂದಾಗ ಹೊಲಿಗೆ ಯಂತ್ರದ ಗವಸು ಇನ್ನೂ ಪಕ್ಕದಲ್ಲೇ ಮಡಿಸಿ ಇಟ್ಟಿತ್ತು. ಅಮ್ಮ ಸೊಸೆಯನ್ನು ಯಂತ್ರದ ಮುಂದೆ ಕೂರಿಸಿಕೊಂಡು ಯಾವುದಕ್ಕೋ ಅಳತೆ ಹೇಳುತ್ತಿದ್ದರು. ಇಬ್ಬರೂ ತಲೆ ಎತ್ತಿದರು. ಕೆಲಸ ಸಿಕ್ಕಿತಾ ಎಂದು ಕೇಳುವ ಧೈರ್ಯ ಹೆಂಡತಿಗೂ ಆಗಲಿಲ್ಲ.

“ಏನಂದ್ರು?” ಎಂದರು ಅಮ್ಮ.

“ಬಾಗಿಲ ಹತ್ತಿರ ಬಿಗಿ ಅಂದ್ರು.”

“ನೀನೇನಂದೆ?”

“ಬಿಚ್ಚಿ ಸರಿ ಮಾಡಿಕೊಡ್ತೀನಿ ಅಂದೆ. ಸೋಮವಾರ ಬಂದು ಹಳೇ ನೆಲ ಕೀಳೋಕೆ ಶುರು ಮಾಡಿ ಅಂದ್ರು.”

ಹೆಂಡತಿ ಶಿಳ್ಳೆ ಹೊಡೆದಳು, ಬಸ್ಸಿಗೆ ರೈಟ್ ಹೇಳುವಾಗ ಹೊಡೆಯುವ ಉದ್ದನೆಯ ಶಿಳ್ಳೆ. ಅಮ್ಮ ಕೈಯಲ್ಲಿದ್ದ ಟೇಪನ್ನು ಕತ್ತಿಗೆ ಹಾಕಿಕೊಂಡು, ನಡುಗುವ ಎರಡೂ ಕೈಗಳಿಂದ ಮಗನ ಮುಖವನ್ನು ಹಿಡಿದರು.

“ಈಗ ನೋಡು” ಎಂದರು, “ನಿನಗೂ ಒಬ್ಬರು ಗಿರಾಕಿ ಸಿಕ್ಕರು.”